ಫ್ರಾನ್ಸಿನ ವೈನ್: ಊರು ಹಿಡಿದು, ಊಟ ಹಿಡಿದು ಕಲಿಯುವ ದಾರಿ

ಫ್ರೆಂಚ್ ವೈನ್ ಕಲಿಯಲು ಹೊರಟವರು ಸಾಮಾನ್ಯವಾಗಿ ಬೋರ್ಡೋದ ಕೆಂಪು ವೈನ್‌ನಿಂದ ಶುರುಮಾಡುತ್ತಾರೆ. ಅದರ ಹೆಸರು ದೊಡ್ಡದು, ಅದಕ್ಕೆ. ನನ್ನ ಪ್ರಕಾರ ಅದು ತಡವಾಗಿ ಬರಬೇಕಾದ ಪಾಠ. ಎಳೆಯ ಬೋರ್ಡೋ ಬಾಯಿ ಒಣಗಿಸುತ್ತದೆ. ಹೆಸರಿರುವ ಬಾಟಲಿಗೆ ಬೆಲೆಯೂ ಜಾಸ್ತಿ. ಜೊತೆಗೆ ತಕ್ಕ ಊಟ ಇಲ್ಲದಿದ್ದರೆ ಅದರ ಒಳ್ಳೆಯ ಗುಣ ಕಾಣುವುದೇ ಇಲ್ಲ. ಮೊದಲ ಬಾಟಲಿಯಲ್ಲೇ "ಇದರಲ್ಲಿ ಏನಿದೆ ಅಂತ ಇಷ್ಟು ಹೊಗಳುತ್ತಾರೆ?" ಎಂದು ಕೈಬಿಟ್ಟವರು ಬಹಳ ಜನ.

ಈ ಮಾರ್ಗದರ್ಶಿಯಲ್ಲಿ ನಾವು ಬೇರೆ ದಾರಿ ಹಿಡಿಯೋಣ. ಹಗುರವಾದ ಬಿಳಿ ವೈನ್‌ನಿಂದ ಶುರುಮಾಡಿ ಗಟ್ಟಿ ಕೆಂಪು ವೈನ್ ಕಡೆಗೆ ಹೋಗೋಣ. ಪ್ರತಿ ಬಾಟಲಿಯ ಜೊತೆಗೂ ಅದೇ ಸೀಮೆಯ ಒಂದು ತಿನಿಸು ಇಟ್ಟುಕೊಳ್ಳೋಣ. ಫ್ರಾನ್ಸಿನ ವೈನ್ ಬೆಳೆದು ಬಂದದ್ದೇ ಊಟದ ಮೇಜಿನ ಮೇಲೆ. ಸಮುದ್ರದ ಹತ್ತಿರದ ವೈನ್ ಸಿಂಪಿಗೆ ಒಗ್ಗಿದೆ, ಕುರಿ ಸಾಕುವ ಸೀಮೆಯದು ಕುರಿಮಾಂಸಕ್ಕೆ, ಮೇಕೆ ಹಾಲಿನ ಊರಿನದು ಮೇಕೆ ಚೀಸ್‌ಗೆ. ಊಟ ಬಿಟ್ಟು ಬರೀ ವೈನ್ ಕುಡಿದರೆ ಅರ್ಧ ಮಾತ್ರ ತಿಳಿಯುತ್ತದೆ.

ಹೆಜ್ಜೆ 1: ಲೇಬಲ್ ಮೇಲೆ ಊರು ಹುಡುಕಿ

ಆಸ್ಟ್ರೇಲಿಯಾದ ಬಾಟಲಿ ಇರಲಿ, ನಂದಿ ಬೆಟ್ಟದ ಬಾಟಲಿ ಇರಲಿ, ಅದರ ಮೇಲೆ ದ್ರಾಕ್ಷಿ ತಳಿಯ ಹೆಸರು ದೊಡ್ಡದಾಗಿ ಕಾಣುತ್ತದೆ. ಫ್ರಾನ್ಸಿನಲ್ಲಿ ಹಾಗಲ್ಲ, ಅಲ್ಲಿ ಊರಿನ ಹೆಸರೇ ಮುಖ್ಯ. ಸಾನ್ಸೇರ್ ಒಂದು ಊರು, ಶಾಬ್ಲಿ ಒಂದು ಊರು, ಪೊಯಾಕ್ ಒಂದು ಊರು. ಒಳಗಿರುವ ದ್ರಾಕ್ಷಿ ಯಾವುದು ಎಂದು ಕೊಳ್ಳುವವರಿಗೇ ಗೊತ್ತಿರಬೇಕು ಎಂಬುದು ಅಲ್ಲಿನ ಲೆಕ್ಕ.

ಇದರ ಹಿಂದೆ ಕಾನೂನು ಇದೆ. ಹೆಸರಾದ ಊರುಗಳ ಹೆಸರಲ್ಲಿ ಕಳಪೆ ವೈನ್ ಮಾರುವುದನ್ನು ತಡೆಯಲು 1935ರಲ್ಲಿ ಫ್ರಾನ್ಸ್ ಒಂದು ರಾಷ್ಟ್ರೀಯ ಸಮಿತಿ ಮಾಡಿತು. 1936ರಲ್ಲಿ ಅರ್ಬ್ವಾ, ಶಾತೋನಫ್-ದ್ಯು-ಪಾಪ್, ತವೆಲ್, ಕಾಸಿಸ್ ಮುಂತಾದ ಊರುಗಳಿಗೆ ಮೊದಲ ಮಾನ್ಯತೆ ಸಿಕ್ಕಿತು. ಎಓಸಿ ಎಂದು ಕರೆಯುವ ವ್ಯವಸ್ಥೆ ಇದೇ. ಈಗ ಯುರೋಪಿನ ಎಓಪಿ ಎಂಬ ಹೆಸರೂ ಲೇಬಲ್ ಮೇಲೆ ಕಾಣುತ್ತದೆ. ಯಾವ ಜಾಗದಲ್ಲಿ ಯಾವ ತಳಿ ಬೆಳೆಯಬೇಕು, ಹೆಕ್ಟೇರಿಗೆ ಎಷ್ಟು ಇಳುವರಿ ತೆಗೆಯಬಹುದು, ವೈನ್ ಹೇಗೆ ಮಾಡಬೇಕು, ಎಲ್ಲಕ್ಕೂ ನಿಯಮ ಇದೆ. ಐಜಿಪಿ ಎಂದಿದ್ದರೆ ನಿಯಮ ಸ್ವಲ್ಪ ಸಡಿಲ, ಸೀಮೆ ದೊಡ್ಡದು. ವಾಂ ದ ಫ್ರಾನ್ಸ್ ಎಂದಿದ್ದರೆ ದೇಶದ ಯಾವ ಮೂಲೆಯ ದ್ರಾಕ್ಷಿಯಾದರೂ ಇರಬಹುದು. ಆಲ್ಸಾಸ್ ಸೀಮೆ ಮಾತ್ರ ಈ ರೂಢಿಗೆ ದೊಡ್ಡ ಹೊರತು. ಅಲ್ಲಿ ತಳಿಯ ಹೆಸರನ್ನು ಲೇಬಲ್ ಮೇಲೇ ಬರೆಯುತ್ತಾರೆ.

ಅಂಗಡಿಯಲ್ಲಿ ಮೋಸಹೋಗದಿರಲು ಕೆಲವು ಮಾತು ನೆನಪಿರಲಿ. ವಿಯೇಯ್ ವೀಞ್ ಅಂದರೆ ಹಳೆಯ ಬಳ್ಳಿಗಳ ವೈನ್, ಆದರೆ ಎಷ್ಟು ವರ್ಷ ಆದರೆ ಹಳೆಯದು ಎಂದು ಕಾನೂನು ಹೇಳುವುದಿಲ್ಲ. ಗ್ರಾಂ ವಾಂ ಎಂಬ ಮಾತಿನಿಂದಲೂ ಗುಣಮಟ್ಟ ಗೊತ್ತಾಗುವುದಿಲ್ಲ. ಕ್ರೂ ಅಂದರೆ ಹೆಸರಾದ ತೋಟ ಅಥವಾ ಊರು. ಗ್ರಾಂ ಕ್ರೂ ಎಂಬುದಕ್ಕೆ ಬರ್ಗಂಡಿಯಲ್ಲಿ ದೊಡ್ಡ ತೂಕ ಇದೆ, ಅಲ್ಲಿ ಅದು ಅತ್ಯುತ್ತಮ ತೋಟಗಳಿಗೆ ಮೀಸಲು. ಬೋರ್ಡೋದ 'ಸೇಂತೆಮಿಲ್ಯೋಂ ಗ್ರಾಂ ಕ್ರೂ' ಎಂಬ ಹೆಸರಿಗೆ ಅಷ್ಟು ತೂಕ ಇಲ್ಲ, ಬಹಳಷ್ಟು ತೋಟಗಳಿಗೆ ಅದು ಸಿಗುತ್ತದೆ. 'ಮೀ ಆಂ ಬುತೇಯ್ ಓ ದೊಮೇನ್' ಅಥವಾ 'ಓ ಶಾತೋ' ಎಂದಿದ್ದರೆ ಬೆಳೆದ ಕಡೆಯೇ ಬಾಟಲಿಗೆ ತುಂಬಿದ್ದಾರೆ ಎಂದರ್ಥ. ಅದು ಒಳ್ಳೆಯ ಗುರುತು.

ಹೆಜ್ಜೆ 2: ನಾಲಿಗೆಗೆ ನಾಲ್ಕು ಪ್ರಶ್ನೆ

ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿ. ಮೆಲ್ಲಗೆ ಸುತ್ತು ತಿರುಗಿಸಿ, ಮೂಗಿನ ಹತ್ತಿರ ತಂದು ಘಮ ನೋಡಿ. ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ. ಹಲವು ಬಾಟಲಿ ರುಚಿ ನೋಡುವಾಗ ಉಗಿದುಬಿಡಿ. ವೈನ್ ವೃತ್ತಿಯವರೆಲ್ಲ ಮಾಡುವುದು ಅದನ್ನೇ, ಸಂಕೋಚ ಬೇಡ.

ಈಗ ಕೇಳಿಕೊಳ್ಳಿ. ದವಡೆಯ ಪಕ್ಕದಲ್ಲಿ ನೀರೂರುತ್ತಿದೆಯಾ? ಅದು ಹುಳಿ. ಅಡಿಕೆ ಅಗಿದಾಗ ಆಗುವಂತೆ ಒಸಡು ಬಿಗಿಯುತ್ತಿದೆಯಾ? ಅದು ಒಗರು. ವೈನ್‌ನ ಒಗರು ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ನಿಂದ, ಅಡಿಕೆಯಲ್ಲಿ ಇರುವುದೂ ಟ್ಯಾನಿನ್ನೇ. ಗಂಟಲು ಬೆಚ್ಚಗಾಯಿತಾ? ಅದು ಆಲ್ಕೋಹಾಲ್. ಕೊನೆಗೆ, ಸಿಹಿ ಉಳಿದಿದೆಯಾ?

ಒಂದು ಸಣ್ಣ ಪ್ರಯೋಗ ಮಾಡಿ. ಯಾವುದಾದರೂ ಹುಳಿ ಇರುವ ಬಿಳಿ ವೈನ್ ಒಂದು ಗುಟುಕು ಕುಡಿಯಿರಿ. ಆಮೇಲೆ ನಿಂಬೆ ಹೋಳನ್ನು ನೆಕ್ಕಿ, ಚಿಟಿಕೆ ಉಪ್ಪು ನಾಲಿಗೆಗೆ ಹಾಕಿ, ಮತ್ತೆ ಅದೇ ವೈನ್ ಕುಡಿಯಿರಿ. ಅದೇ ವೈನ್ ಈಗ ಮೆತ್ತಗೆ, ಹಣ್ಣಿನಂತೆ ಅನ್ನಿಸುತ್ತದೆ. ವೈನ್ ಬದಲಾಗಿಲ್ಲ, ನಿಮ್ಮ ಬಾಯಿ ಬದಲಾಗಿದೆ. ಊಟ ಮತ್ತು ವೈನ್ ಜೋಡಿಸುವ ಕೆಲಸದ ತಿರುಳು ಇದು.

ಇದರಿಂದ ಕೆಲವು ನಿಯಮ ತಾವಾಗಿ ಬರುತ್ತವೆ. ಊಟ ಹುಳಿಯಾಗಿದ್ದರೆ ವೈನ್ ಅದಕ್ಕಿಂತ ಕಡಿಮೆ ಹುಳಿ ಇರಬಾರದು, ಇದ್ದರೆ ಸಪ್ಪೆ ಅನ್ನಿಸುತ್ತದೆ. ಸಿಹಿ ತಿನಿಸಿನ ಜೊತೆ ವೈನ್ ಇನ್ನೂ ಸಿಹಿ ಇರಬೇಕು. ಒಗರು ಇರುವ ವೈನ್‌ಗೆ ಉಪ್ಪು, ಕೊಬ್ಬು, ಮಾಂಸ ಅಥವಾ ಗಟ್ಟಿ ಚೀಸ್ ಬೇಕು. ಮೆಣಸಿನಕಾಯಿಯ ಖಾರ ಮಾತ್ರ ಬೇರೆ ವಿಷಯ. ಅದರ ಜೊತೆ ಆಲ್ಕೋಹಾಲ್ ಇನ್ನಷ್ಟು ಸುಡುತ್ತದೆ, ಒಗರು ಕಹಿಯಾಗುತ್ತದೆ.

ಇನ್ನು ತಂಪಿನ ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎಂಬುದು ಹಳೆಯ ಯುರೋಪಿನ ತಣ್ಣನೆ ಮನೆಗಳಿಗೆ ಹೊಂದುವ ಮಾತು. ಅಲ್ಲಿ ಕೋಣೆ ಎಂದರೆ 16–18 ಡಿಗ್ರಿ. ಬೆಂಗಳೂರಿನ ಏಪ್ರಿಲ್‌ನಲ್ಲಿ, ಮಂಗಳೂರಿನ ಯಾವ ತಿಂಗಳಲ್ಲೂ, ಅದು ನಡೆಯುವುದಿಲ್ಲ. ಕೆಂಪು ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿ ವೈನ್ 8–12 ಡಿಗ್ರಿ ಇದ್ದರೆ ಚೆನ್ನ. ತೀರಾ ತಣ್ಣಗಾದರೆ ಘಮ ಅಡಗುತ್ತದೆ.

ಹೆಜ್ಜೆ 3: ಲ್ವಾರ್ ನದಿಯಿಂದ ಶುರುಮಾಡಿ

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸುಮಾರು 1,000 ಕಿಲೋಮೀಟರ್. ಅದರ ದಡದ ಉದ್ದಕ್ಕೂ ತೋಟಗಳು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬೆಲೆ ಹಿಡಿತದಲ್ಲಿದೆ, ವೈನ್ ಹಗುರ, ರುಚಿ ಸ್ಪಷ್ಟ.

ನದಿ ಸಮುದ್ರ ಸೇರುವ ಕಡೆ ನಾಂತ್ ನಗರ ಇದೆ. ಅದರ ಸುತ್ತ ಮಸ್ಕಡೆ ಎಂಬ ಬಿಳಿ ವೈನ್ ಮಾಡುತ್ತಾರೆ. ದ್ರಾಕ್ಷಿಯ ಹೆಸರು ಮೆಲೋಂ ದ ಬೂರ್ಗೋಞ್. 1709ರ ಭಯಂಕರ ಚಳಿಗೆ ಆ ಸೀಮೆಯ ಬಳ್ಳಿಗಳು ಸತ್ತುಹೋದವು. ಆಮೇಲೆ ಚಳಿ ತಡೆಯುವ ಈ ತಳಿ ಅಲ್ಲಿ ಹಬ್ಬಿತು. ಲೇಬಲ್ ಮೇಲೆ 'ಸ್ಯೂರ್ ಲೀ' ಎಂದು ಇರುವುದನ್ನೇ ಕೊಳ್ಳಿ. ಹುದುಗುವಿಕೆ ಮುಗಿದ ಮೇಲೆ ತಳದಲ್ಲಿ ಕೂತ ಯೀಸ್ಟ್ ಗಸಿಯ ಮೇಲೆಯೇ ಆ ವೈನನ್ನು ಚಳಿಗಾಲ ಪೂರ್ತಿ ಬಿಟ್ಟಿರುತ್ತಾರೆ. ಅದರಿಂದ ಸ್ವಲ್ಪ ಬ್ರೆಡ್ಡಿನ ಘಮ, ನಾಲಿಗೆಗೆ ಸಣ್ಣ ಚುರುಕು ಬರುತ್ತದೆ. ನಿಂಬೆ, ಹಸಿರು ಸೇಬು, ಉಪ್ಪಿನ ನೆನಪು ತರುವ ರುಚಿ ಅದು. ಅಲ್ಲಿಯವರು ಹಸಿ ಸಿಂಪಿಯ ಜೊತೆ ಕುಡಿಯುತ್ತಾರೆ. ನಮ್ಮ ಕರಾವಳಿಯ ನೀಲಿಕಲ್ಲಿನ ಜಾತಿಯ ಮಸಲ್ಸ್ ಬೇಯಿಸಲು ಇದೇ ವೈನನ್ನು ಪಾತ್ರೆಗೂ ಸುರಿಯುತ್ತಾರೆ. ಸಿಂಪಿಗೆ ನಿಂಬೆ ಹಿಂಡುವ ಕೆಲಸವನ್ನು ಇಲ್ಲಿ ವೈನೇ ಮಾಡುತ್ತದೆ. ಬೆಣ್ಣೆ, ಸಣ್ಣ ಈರುಳ್ಳಿ ಮತ್ತು ವಿನೆಗರ್ ಹಾಕಿ ಮಾಡುವ ಬ್ಯೂರ್ ಬ್ಲಾಂ ಎಂಬ ಸಾಸ್ ಕೂಡ ಈ ಸೀಮೆಯದೇ. ಮೀನಿನ ಮೇಲೆ ಅದನ್ನು ಹಾಕಿ ಮಸ್ಕಡೆ ಕುಡಿದರೆ ಬೆಣ್ಣೆಯ ಭಾರ ಹುಳಿಗೆ ಕರಗಿಹೋಗುತ್ತದೆ.

ನದಿಯ ಮೇಲ್ಭಾಗದಲ್ಲಿ ಸಾನ್ಸೇರ್ ಇದೆ. ಎದುರು ದಡದಲ್ಲಿ ಪೂಯೀ-ಫ್ಯೂಮೆ. ಎರಡೂ ಕಡೆ ಬಿಳಿ ವೈನ್‌ಗೆ ಸೊವಿನ್ಯೋಂ ಬ್ಲಾಂ ದ್ರಾಕ್ಷಿ. ಸುಣ್ಣಕಲ್ಲು ಮತ್ತು ಚಕಮಕಿ ಕಲ್ಲಿನ ನೆಲ. ಹುಲ್ಲು, ಚಕ್ಕೋತ, ನೆಲ್ಲಿಯ ಹುಳಿ ನೆನಪಾಗುವ ವೈನ್. ಸಾನ್ಸೇರ್ ತಪ್ಪಲಲ್ಲಿ ಶವಿಞೋಲ್ ಎಂಬ ಸಣ್ಣ ಹಳ್ಳಿ ಇದೆ. ಅಲ್ಲಿ ಮೇಕೆ ಹಾಲಿನಿಂದ ಮಾಡುವ ಕ್ರೋತಾಂ ಎಂಬ ದುಂಡನೆಯ ಪುಟ್ಟ ಚೀಸ್ ದೇಶಕ್ಕೆಲ್ಲ ಹೆಸರು. ನನ್ನನ್ನು ಕೇಳಿದರೆ, ಒಂದೇ ಒಂದು ಜೋಡಿ ನೋಡುವ ಅವಕಾಶ ಇದ್ದರೆ ಇದನ್ನೇ ನೋಡಿ. ಮೇಕೆ ಚೀಸ್ ಹುಳಿಯಾಗಿ, ಪುಡಿಪುಡಿಯಾಗಿ ಇರುತ್ತದೆ. ವೈನ್ ಹುಳಿಯೂ ಅದೂ ಸಮ ಆದಾಗ ಎರಡರ ಹುಳಿಯೂ ಹಿಂದೆ ಸರಿದು ಹಾಲಿನ ಸಿಹಿ, ಹಣ್ಣಿನ ಘಮ ಮುಂದೆ ಬರುತ್ತವೆ. ಇದೇ ಚೀಸನ್ನು ಒಗರಿನ ಕೆಂಪು ವೈನ್ ಜೊತೆ ತಿಂದು ನೋಡಿ, ಲೋಹದ ಹಾಗೆ ಕಹಿ ಬರುತ್ತದೆ. ಚೀಸ್‌ಗೆ ಕೆಂಪು ವೈನೇ ಸರಿ ಎಂಬ ಮಾತನ್ನು ಅಲ್ಲಿಗೇ ಬಿಡಬಹುದು.

ಮಧ್ಯದಲ್ಲಿ ವೂವ್ರೆ ಇದೆ, ಶೆನಾಂ ಬ್ಲಾಂ ದ್ರಾಕ್ಷಿಯ ಊರು. ಇಲ್ಲಿ ಲೇಬಲ್ ಗಮನಿಸಿ: ಸೆಕ್ ಅಂದರೆ ಸಿಹಿ ಇಲ್ಲದ್ದು, ದೆಮಿ-ಸೆಕ್ ಅಂದರೆ ಸ್ವಲ್ಪ ಸಿಹಿ, ಮ್ವಾಲ್ಯೂ ಅಂದರೆ ಚೆನ್ನಾಗಿಯೇ ಸಿಹಿ. ದೆಮಿ-ಸೆಕ್ ಒಂದನ್ನು ನೆನಪಿಟ್ಟುಕೊಳ್ಳಿ, ಖಾರದ ಊಟದ ಮಾತು ಬಂದಾಗ ಬೇಕಾಗುತ್ತದೆ. ಹತ್ತಿರದ ಶಿನೋನ್‌ನಲ್ಲಿ ಕ್ಯಾಬರ್ನೆ ಫ್ರಾಂ ದ್ರಾಕ್ಷಿಯಿಂದ ಹಗುರ ಕೆಂಪು ವೈನ್ ಮಾಡುತ್ತಾರೆ. ಅದರಲ್ಲಿ ದೊಣ್ಣೆ ಮೆಣಸಿನಕಾಯಿಯ ಹಸಿ ಘಮ ಇರುತ್ತದೆ. ಸುಟ್ಟ ತರಕಾರಿ, ಬದನೆ, ಬೇಳೆಕಾಳಿನ ಅಡುಗೆಗೆ ಇದು ತುಂಬ ಹೊಂದುತ್ತದೆ. ಸಸ್ಯಾಹಾರಿಗಳು ಫ್ರಾನ್ಸಿನ ಕೆಂಪು ವೈನ್ ಕಲಿಯಲು ಇಲ್ಲಿಂದಲೇ ಶುರುಮಾಡಬಹುದು.

ಹೆಜ್ಜೆ 4: ಬರ್ಗಂಡಿ, ಉತ್ತರದಿಂದ ದಕ್ಷಿಣಕ್ಕೆ

ಬರ್ಗಂಡಿಯ ದ್ರಾಕ್ಷಿ ಲೆಕ್ಕ ಸುಲಭ. ಬಿಳಿ ಅಂದರೆ ಹೆಚ್ಚಾಗಿ ಶಾರ್ಡೊನೆ, ಕೆಂಪು ಅಂದರೆ ಹೆಚ್ಚಾಗಿ ಪಿನೋ ನ್ವಾರ್. ಕಷ್ಟ ಇರುವುದು ಜಾಗದಲ್ಲಿ. ಇಲ್ಲಿ ಪ್ರತಿ ಹೊಲಕ್ಕೂ ಹೆಸರಿದೆ, ಅಂತಸ್ತಿದೆ. ಹತ್ತಾರು ಅಡಿ ದೂರದ ಎರಡು ಹೊಲಗಳ ವೈನ್ ಬೆಲೆಯಲ್ಲಿ ಅಜಗಜಾಂತರ ಇರಬಹುದು. ಕ್ಲಿಮಾ ಎಂದು ಕರೆಯುವ ಈ ಹೊಲಗಳನ್ನು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆ ಕಟ್ಟಿದ ಕ್ಲೋ ದ ವೂಜೋ ತೋಟವನ್ನು ಬೆಳೆಸಿದವರು ಸಿತೋ ಮಠದ ಸನ್ಯಾಸಿಗಳು. ಸುಮಾರು 50 ಹೆಕ್ಟೇರಿನ ಆ ತೋಟ ಇವತ್ತು ಸುಮಾರು 80 ಮಾಲೀಕರ ಕೈಯಲ್ಲಿ ಹಂಚಿಹೋಗಿದೆ. ಹಾಗಾಗಿ ಇಲ್ಲಿ ಹೊಲದ ಹೆಸರಿನಷ್ಟೇ ಬೆಳೆಗಾರರ ಹೆಸರೂ ಮುಖ್ಯ.

ಮೆಟ್ಟಿಲು ನಾಲ್ಕು: ಸೀಮೆಯ ಹೆಸರಿನದು, ಊರ ಹೆಸರಿನದು, ಪ್ರೆಮಿಯೇ ಕ್ರೂ, ಗ್ರಾಂ ಕ್ರೂ. ಒಂದು ಬಲೆ ಇದೆ, ಎಚ್ಚರ. 19ನೇ ಶತಮಾನದಿಂದ ಹಲವು ಊರುಗಳು ತಮ್ಮ ಹೆಸರಾಂತ ಹೊಲದ ಹೆಸರನ್ನು ಊರ ಹೆಸರಿಗೆ ಅಂಟಿಸಿಕೊಂಡವು. 1847ರಲ್ಲಿ ಜೆವ್ರೆ ಎಂಬ ಊರು ಜೆವ್ರೆ-ಶಾಂಬೆರ್ತಾಂ ಆಯಿತು. ಬರೀ ಶಾಂಬೆರ್ತಾಂ ಎಂದಿದ್ದರೆ ಅದು ಗ್ರಾಂ ಕ್ರೂ. ಜೆವ್ರೆ-ಶಾಂಬೆರ್ತಾಂ ಎಂದಷ್ಟೇ ಇದ್ದರೆ ಊರ ಮಟ್ಟದ ವೈನ್. ಎರಡೂ ಒಂದೇ ಎಂದುಕೊಂಡು ದುಡ್ಡು ಕೊಡಬೇಡಿ.

ಕಲಿಕೆಗೆ ಉತ್ತರ ತುದಿಯ ಶಾಬ್ಲಿಯಿಂದ ಹೊರಡಿ. ಅಲ್ಲಿನ ಸುಣ್ಣದ ನೆಲದಲ್ಲಿ ಕೋಟ್ಯಂತರ ವರ್ಷ ಹಿಂದಿನ ಪುಟ್ಟ ಸಿಂಪಿಗಳ ಪಳೆಯುಳಿಕೆ ಸಿಗುತ್ತದೆ. ವೈನ್ ಚೂಪು, ತೆಳು, ಹಸಿರು ಸೇಬಿನ ಹಾಗೆ. ಹೆಚ್ಚಿನ ಶಾಬ್ಲಿಗೆ ಓಕ್ ಪೀಪಾಯಿಯ ವಾಸನೆ ಇರುವುದಿಲ್ಲ. ಆಮೇಲೆ ದಕ್ಷಿಣದ ಮ್ಯೂರ್ಸೋ ಅಥವಾ ಬೆಲೆ ಕಡಿಮೆ ಇರುವ ಮಾಕೋಂ ಕುಡಿದು ನೋಡಿ. ಅದೇ ಶಾರ್ಡೊನೆ ದ್ರಾಕ್ಷಿ, ಆದರೆ ಈಗ ಬೆಣ್ಣೆ, ಹೇಜಲ್ ಬೀಜ, ಹಣ್ಣಾದ ಪೇರ್. ಊರು ಬದಲಾದರೆ ಏನಾಗುತ್ತದೆ ಎಂದು ತೋರಿಸಲು ಈ ಎರಡು ಬಾಟಲಿ ಸಾಕು. ಶಾಬ್ಲಿಗೆ ಸಿಂಪಿ, ಸಾದಾ ಮೀನು, ಚೀಸ್ ಹಾಕಿ ಬೇಯಿಸಿದ ಗೂಜೇರ್ ಎಂಬ ಪುಟ್ಟ ಉಬ್ಬುರೊಟ್ಟಿ. ಮ್ಯೂರ್ಸೋಗೆ ಕೆನೆ ಹಾಕಿದ ಕೋಳಿ, ಅಣಬೆ.

ಕೆಂಪಿಗೆ ಹೋಗುವ ಮುಂಚೆ ಬೋಜೊಲೆಯಲ್ಲಿ ನಿಲ್ಲಿ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಗಾಮೆ ದ್ರಾಕ್ಷಿಯನ್ನು ತನ್ನ ಸೀಮೆಯಿಂದ ಕಿತ್ತುಹಾಕಲು ಆಜ್ಞೆ ಮಾಡಿದ. ದಕ್ಷಿಣದ ಈ ಗ್ರಾನೈಟ್ ಗುಡ್ಡಗಳಲ್ಲಿ ಅದೇ ಗಾಮೆ ಸೊಗಸಾಗಿ ಬೆಳೆಯುತ್ತದೆ. ನವೆಂಬರ್ ಮೂರನೇ ಗುರುವಾರ ಬಿಡುಗಡೆಯಾಗುವ ಬೋಜೊಲೆ ನೂವೋ ಎಲ್ಲರಿಗೂ ಗೊತ್ತು. ಕೊಳ್ಳಬೇಕಾದದ್ದು ಮಾತ್ರ ಹತ್ತು ಊರುಗಳ ಕ್ರೂ ವೈನ್. ಮೊರ್ಗೋಂ, ಫ್ಲೂರಿ, ಮೂಲಾಂ-ಆ-ವಾಂ ಇತ್ಯಾದಿ. ಇವುಗಳ ಲೇಬಲ್ ಮೇಲೆ ಬೋಜೊಲೆ ಎಂಬ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಒಗರು ಕಡಿಮೆ, ಚೆರ್ರಿ ಹಣ್ಣಿನ ರುಚಿ ಜಾಸ್ತಿ. 13 ಡಿಗ್ರಿಗೆ ತಂಪು ಮಾಡಿ ಕುಡಿಯಿರಿ. ಲಿಯೋಂ ನಗರದ ಸಾಸೇಜ್, ಹುರಿದ ಕೋಳಿ, ಈರುಳ್ಳಿ ಕಡುಬು, ಯಾವುದಕ್ಕೂ ಮುನಿಸು ತೋರದ ವೈನ್ ಇದು.

ಆಮೇಲೆ ಪಿನೋ ನ್ವಾರ್. ತೆಳು ಬಣ್ಣ ನೋಡಿ ಹಗುರ ಅಂದುಕೊಳ್ಳಬೇಡಿ. ಎಳೆಯದರಲ್ಲಿ ಚೆರ್ರಿ, ರಾಸ್ಪ್‌ಬೆರಿ. ವರ್ಷ ಕಳೆದಂತೆ ಒಣಗಿದ ಎಲೆ, ಅಣಬೆ, ಮಳೆ ಬಿದ್ದ ಕಾಡಿನ ಘಮ. ಇಲ್ಲಿನ ಊಟ ಹೆಸರುವಾಸಿ: ಕೆಂಪು ವೈನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಅದೇ ರೀತಿ ಬೇಯಿಸಿದ ಹುಂಜ. ಮಾಂಸ ತಿನ್ನದವರು ಆ ವೈನ್ ಸಾರಿನಲ್ಲೇ ಅಣಬೆ, ಗಜ್ಜರಿ, ಸಣ್ಣ ಈರುಳ್ಳಿ ಬೇಯಿಸಬಹುದು. ಪಿನೋ ನ್ವಾರ್ ಮತ್ತು ಅಣಬೆ ಒಂದನ್ನೊಂದು ಎತ್ತಿಹಿಡಿಯುವ ಜೋಡಿ, ಏನೂ ಕಳೆದುಕೊಂಡ ಹಾಗಾಗುವುದಿಲ್ಲ.

ಹೆಜ್ಜೆ 5: ಆಲ್ಸಾಸ್, ಖಾರದ ಊಟದವರಿಗೆ

ಜರ್ಮನಿಯ ಗಡಿಯ ಈ ಸೀಮೆಗೆ ವೋಜ್ ಬೆಟ್ಟಸಾಲು ಮಳೆ ತಡೆಯುತ್ತದೆ. ಅದರ ಮರೆಯಲ್ಲಿರುವ ಕೊಲ್ಮಾರ್ ಫ್ರಾನ್ಸಿನ ಅತಿ ಕಡಿಮೆ ಮಳೆಯ ನಗರಗಳಲ್ಲಿ ಒಂದು. ಬಾಟಲಿ ಉದ್ದ, ಸಣಕಲು. ಮುಖ್ಯ ತಳಿಗಳು ರೀಸ್ಲಿಂಗ್, ಗೆವುರ್ಟ್ಸ್‌ಟ್ರಾಮಿನರ್, ಪಿನೋ ಗ್ರಿ, ಮಸ್ಕಾ.

ರೀಸ್ಲಿಂಗ್‌ಗೆ ನಿಂಬೆಯ ಹುಳಿ, ಸುಣ್ಣದ ಕಲ್ಲಿನ ಒಣ ರುಚಿ. ಹುಳಿಹಿಡಿಸಿದ ಎಲೆಕೋಸಿನ ಶೂಕ್ರೂತ್ ಜೊತೆ ಅದನ್ನೇ ಕುಡಿಯುತ್ತಾರೆ. ಹುಳಿಗೆ ಹುಳಿ ಎಂಬ ನಿಯಮ ನೆನಪಿದೆ ಅಲ್ವಾ? ಗೆವುರ್ಟ್ಸ್‌ಟ್ರಾಮಿನರ್‌ನ ಘಮಕ್ಕೆ ಪರಿಚಯ ಬೇಡ. ಮೂಗಿಗೆ ತಂದ ತಕ್ಷಣ ಲಿಚಿ ಮತ್ತು ಗುಲಾಬಿ. ಇದು ಬರೀ ಹೋಲಿಕೆಯಲ್ಲ, ಲಿಚಿ ಹಣ್ಣಿಗೆ ಘಮ ಕೊಡುವ ರೋಸ್ ಆಕ್ಸೈಡ್ ಎಂಬ ವಸ್ತುವೇ ಈ ವೈನ್‌ನಲ್ಲೂ ಇದೆ. ಅದೇ ಸೀಮೆಯ ಮುನ್‌ಸ್ಟರ್ ಚೀಸ್‌ಗೆ ತುಂಬ ಕಟು ವಾಸನೆ. ಜೀರಿಗೆಯ ಹತ್ತಿರದ ಕ್ಯಾರವೇ ಕಾಳು ಉದುರಿಸಿ ಈ ವೈನ್ ಜೊತೆ ತಿನ್ನುತ್ತಾರೆ. ಮಸ್ಕಾ ವಸಂತಕಾಲದ ಶತಾವರಿ ಚಿಗುರಿಗೆ. ಶತಾವರಿ ಹೆಚ್ಚಿನ ವೈನ್‌ಗಳನ್ನು ಕೆಡಿಸುತ್ತದೆ, ಇದನ್ನು ಕೆಡಿಸುವುದಿಲ್ಲ.

ಈಗ ನಮ್ಮ ಅಡುಗೆಯ ಮಾತು. ಟುಲೂಸ್‌ನಲ್ಲೋ ಪ್ಯಾರಿಸ್‌ನಲ್ಲೋ ಇರುವ ಕನ್ನಡಿಗರ ಮನೆಯಲ್ಲಿ ಕೋಳಿ ಸಾರು, ಎಣ್ಣೆಗಾಯಿ ಮಾಡಿ ಮೇಲೆ ಬೋರ್ಡೋ ತೆಗೆದರೆ ಎರಡಕ್ಕೂ ಅನ್ಯಾಯ. ಖಾರ ಇದ್ದಾಗ ಸ್ವಲ್ಪ ಸಿಹಿ, ಕಡಿಮೆ ಆಲ್ಕೋಹಾಲ್, ತಂಪು, ಈ ಮೂರು ಬೇಕು. ವೂವ್ರೆ ದೆಮಿ-ಸೆಕ್ ಅಥವಾ ಸ್ವಲ್ಪ ಸಿಹಿ ಉಳಿದಿರುವ ಆಲ್ಸಾಸ್ ರೀಸ್ಲಿಂಗ್ ತೆಗೆಯಿರಿ. ತೆಂಗಿನಕಾಯಿ ಹಾಕಿದ, ಖಾರ ಹದವಾಗಿರುವ ಅಡುಗೆಗೆ ಪಿನೋ ಗ್ರಿ ಒಗ್ಗುತ್ತದೆ. ಹುಣಸೆಹುಳಿ ಜಾಸ್ತಿ ಇರುವ ಸಾರಿಗೆ ನಾನು ಯಾವ ವೈನನ್ನೂ ಹೇಳುವುದಿಲ್ಲ, ಸಾರು ಅದರಷ್ಟಕ್ಕೆ ಚೆನ್ನ.

ಹೆಜ್ಜೆ 6: ರೋನ್ ಮತ್ತು ದಕ್ಷಿಣ

ರೋನ್ ನದಿ ಕಣಿವೆಯ ಉತ್ತರ ಭಾಗದ ಕಡಿದಾದ ಗುಡ್ಡಗಳಲ್ಲಿ ಸೀರಾ ದ್ರಾಕ್ಷಿಯ ರಾಜ್ಯ. ಕೋತ್-ರೋತಿ, ಎರ್ಮಿತಾಜ್, ಕೊರ್ನಾ ದುಬಾರಿ. ಕ್ರೋಜ್-ಎರ್ಮಿತಾಜ್ ಮತ್ತು ಸೇಂ-ಜೊಸೆಫ್ ಕೈಗೆಟುಕುತ್ತವೆ. ಲೋಟ ಮೂಸಿದರೆ ಕರಿಮೆಣಸು. ಇದಕ್ಕೂ ಕಾರಣ ಸಿಕ್ಕಿದೆ. ಸೀರಾದ ಆ ಘಮ ರೊಟುಂಡೋನ್ ಎಂಬ ವಸ್ತುವಿನದು ಎಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದರು. ಕೊಡಗಿನ ತೋಟದ ಮೆಣಸಿನಲ್ಲೂ ಅದೇ ಇದೆ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದಿಲ್ಲವಂತೆ. ನಿಮಗೆ ಮೆಣಸಿನ ಘಮ ಸಿಗದಿದ್ದರೆ ವೈನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸುಟ್ಟ ಕುರಿಮಾಂಸ, ಕಾಳುಮೆಣಸು ಹಾಕಿ ಹುರಿದ ಯಾವುದೇ ಮಾಂಸ, ಕಪ್ಪು ಆಲಿವ್ ಇದಕ್ಕೆ ಸರಿ.

ದಕ್ಷಿಣ ರೋನ್‌ನಲ್ಲಿ ಗ್ರೆನಾಶ್ ದ್ರಾಕ್ಷಿ ಮುಂದೆ. ಬಿಸಿಲು ಜಾಸ್ತಿ, ಆಲ್ಕೋಹಾಲೂ ಜಾಸ್ತಿ, 14–15 ಶೇಕಡಾ ಸಾಮಾನ್ಯ. ಪೋಪ್‌ಗಳು 14ನೇ ಶತಮಾನದಲ್ಲಿ ಅವಿನ್ಯೋಂನಲ್ಲಿ ನೆಲೆಸಿದ್ದಾಗ ಬೇಸಿಗೆಗೆಂದು ಕಟ್ಟಿಸಿದ ಕೋಟೆಯಿಂದ ಶಾತೋನಫ್-ದ್ಯು-ಪಾಪ್‌ಗೆ ಆ ಹೆಸರು. ಹಲವು ತೋಟಗಳಲ್ಲಿ ಮಣ್ಣೇ ಕಾಣದಷ್ಟು ದುಂಡುಗಲ್ಲು. ಬೆಲೆ ನೋಡಿ ಹಿಂಜರಿದರೆ ಪಕ್ಕದ ಜಿಗೊಂದಾಸ್ ಅಥವಾ ಸಾದಾ ಕೋತ್ ದ್ಯು ರೋನ್ ಸಾಕು.

ಪ್ರೊವಾನ್ಸ್ ಅಂದರೆ ತೆಳು ಗುಲಾಬಿ ಬಣ್ಣದ ರೋಜೆ. ಟೊಮೇಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಅಡುಗೆಗೆ ಅದು ಹೇಳಿ ಮಾಡಿಸಿದ್ದು. ಅಲ್ಲಿನ ರತತೂಯಿ ಎಂಬ ತರಕಾರಿ ಅಡುಗೆಯ ಜೊತೆ ಕುಡಿಯಿರಿ. ಲಾಂಗೆದಾಕ್‌ನ ಪಿಕ್‌ಪೂಲ್ ದ ಪಿನೆ ಅಗ್ಗದ ಒಳ್ಳೆಯ ಬಿಳಿ ವೈನ್, ಮಸ್ಕಡೆ ಸಿಗದ ಕಡೆ ಇದನ್ನು ತಗೊಳ್ಳಿ.

ಹೆಜ್ಜೆ 7: ಈಗ ಬೋರ್ಡೋ

ಗಾರೊನ್ ಮತ್ತು ದೊರ್ದೊಞ್ ನದಿಗಳು ಸೇರಿ ಜಿರೊಂದ್ ಆಗುತ್ತದೆ. ಎಡದಡದಲ್ಲಿ ಜಲ್ಲಿ ನೆಲ, ಅಲ್ಲಿ ಕ್ಯಾಬರ್ನೆ ಸೊವಿನ್ಯೋಂ ಜಾಸ್ತಿ. ಪೊಯಾಕ್, ಮಾರ್ಗೋ ಈ ಕಡೆಯವು. ಕರಿದ್ರಾಕ್ಷಿಯಂಥ ಕಸಿಸ್ ಹಣ್ಣು, ದೇವದಾರು, ಪೆನ್ಸಿಲ್ ಚೂರಿನ ಘಮ, ಗಟ್ಟಿ ಒಗರು. ಬಲದಡದಲ್ಲಿ ಜೇಡಿಮಣ್ಣು ಮತ್ತು ಸುಣ್ಣಕಲ್ಲು, ಅಲ್ಲಿ ಮೆರ್ಲೋ ಮುಂದೆ. ಸೇಂತೆಮಿಲ್ಯೋಂ, ಪೊಮೆರೋಲ್ ಈ ಕಡೆಯವು. ಹಣ್ಣು ಮೆತ್ತಗೆ, ಒಗರು ನಯ. ಮೊದಲ ಸಲ ಕುಡಿಯುವವರು ಬಲದಡದಿಂದಲೇ ಹೊರಡಿ. ಫ್ರೋನ್ಸಾಕ್, ಕಾಸ್ತಿಯೋಂ ಎಂಬ ಹೆಸರುಗಳು ಕಂಡರೆ ಬಿಡಬೇಡಿ.

1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆಂದು ಎಡದಡದ ತೋಟಗಳನ್ನು ಐದು ದರ್ಜೆ ಮಾಡಿದರು. ಅಳತೆಗೋಲು ಆಗಿನ ಮಾರುಕಟ್ಟೆ ಬೆಲೆ. ಆಮೇಲೆ ಆದ ದೊಡ್ಡ ಬದಲಾವಣೆ ಒಂದೇ, 1973ರಲ್ಲಿ ಮೂತೋಂ ರೋಚೈಲ್ಡ್ ಎಂಬ ತೋಟ ಮೊದಲ ದರ್ಜೆಗೆ ಏರಿದ್ದು. ಊಟಕ್ಕೆ ವೈನ್ ಹುಡುಕುವ ನಮಗೆ ಈ ಪಟ್ಟಿಯ ಗೊಡವೆ ಬೇಡ.

ಒಗರು ಇಲ್ಲಿ ಕೆಲಸಕ್ಕೆ ಬರುತ್ತದೆ. ಪೊಯಾಕ್‌ನ ಎಳೆ ಕುರಿಮರಿ ಮಾಂಸ ಪ್ರಸಿದ್ಧ. ಅದರ ಕೊಬ್ಬು ಮತ್ತು ಪ್ರೋಟೀನ್ ಟ್ಯಾನಿನ್ ಜೊತೆ ಬೆರೆತು ಬಾಯಿ ಒಣಗುವುದು ನಿಲ್ಲುತ್ತದೆ. ಸಸ್ಯಾಹಾರಿಗಳಿಗೆ ಹಳೆಯ ಗಟ್ಟಿ ಚೀಸ್, ಅಕ್ರೋಟು, ಬೆಣ್ಣೆಯಲ್ಲಿ ಹುರಿದ ಅಣಬೆ. ಎಳೆಯ ಬಾಟಲಿಯನ್ನು ಊಟಕ್ಕೆ ಒಂದು ಗಂಟೆ ಮುಂಚೆ ಅಗಲ ಬಾಯಿಯ ಹೂಜಿಗೆ ಸುರಿದಿಡಿ.

ಸಸ್ಯಾಹಾರಿಗಳು ತಿಳಿದಿರಬೇಕಾದ ವಿಷಯ ಒಂದಿದೆ. ಬೋರ್ಡೋದಲ್ಲಿ ವೈನ್ ತಿಳಿಮಾಡಲು ಮೊಟ್ಟೆಯ ಬಿಳಿ ಬಳಸುವುದು ಹಳೆಯ ಪದ್ಧತಿ. ಉಳಿದ ಹಳದಿಯಿಂದಲೇ ಕನೆಲೆ ಎಂಬ ಸಿಹಿ ಹುಟ್ಟಿತು ಎಂದು ಅಲ್ಲಿಯವರು ಹೇಳುತ್ತಾರೆ. ಬೇಡ ಎನ್ನುವವರು ವೀಗನ್ ಗುರುತು ನೋಡಿ ಕೊಳ್ಳಿ. ಫ್ರಾನ್ಸಿನ ಹೆಚ್ಚಿನ ಸಾಂಪ್ರದಾಯಿಕ ಚೀಸ್‌ಗೆ ಕರು ಅಥವಾ ಮರಿಗಳ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿಮಾಡುವ ರೆನೆಟ್ ಹಾಕುತ್ತಾರೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಬೋರ್ಡೋ ಮತ್ತು ನಮ್ಮ ನಂಟು ಚಿಕ್ಕದಾದರೂ ಇದೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟಕ್ಕೆ ವರ್ಷಗಟ್ಟಲೆ ಸಲಹೆ ಕೊಟ್ಟ ಮಿಷೆಲ್ ರೋಲಾಂ ಪೊಮೆರೋಲ್ ಸೀಮೆಯವರು. ಅಲ್ಲಿನ ಕ್ಯಾಬರ್ನೆಯನ್ನೂ ಬೋರ್ಡೋದ ಒಂದನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿದರೆ ಬಿಸಿಲು ಏನು ಮಾಡುತ್ತದೆ ಎಂದು ತಿಳಿಯುತ್ತದೆ.

ಹತ್ತಿರದ ನೈರುತ್ಯ ಸೀಮೆಯ ಕಾಓರ್‌ನಲ್ಲಿ ಮಾಲ್ಬೆಕ್ ದ್ರಾಕ್ಷಿಯ ಕಪ್ಪು ವೈನ್, ಮದಿರಾಂನಲ್ಲಿ ತನ್ನಾ ದ್ರಾಕ್ಷಿಯ ಇನ್ನೂ ಒಗರು ವೈನ್. ಎರಡೂ ಬಾತುಕೋಳಿ ಮತ್ತು ಬಿಳಿ ಹುರುಳಿಕಾಯಿ ಬೀಜದ ಕಸೂಲೆಗೆ.

ಹೆಜ್ಜೆ 8: ಜೂರಾ, ಮೆಂತ್ಯ ಗೊತ್ತಿದ್ದವರಿಗೆ

ಸ್ವಿಟ್ಜರ್ಲೆಂಡ್ ಕಡೆಯ ಈ ಪುಟ್ಟ ಬೆಟ್ಟಸೀಮೆಯನ್ನು ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೆ ತುಂಬ ಇಷ್ಟವಾದದ್ದು ಇದೇ. ಇಲ್ಲಿನ ಸವಾನ್ಯಾಂ ದ್ರಾಕ್ಷಿಯಿಂದ ವಾಂ ಜೋನ್ ಎಂಬ ಹಳದಿ ವೈನ್ ಮಾಡುತ್ತಾರೆ. ಪೀಪಾಯಿಗೆ ತುಂಬಿ ಆರು ವರ್ಷಕ್ಕೂ ಹೆಚ್ಚು ಕಾಲ ಮುಟ್ಟದೆ ಬಿಡುತ್ತಾರೆ. ಆವಿಯಾಗಿ ಕಡಿಮೆಯಾದದ್ದನ್ನು ಮತ್ತೆ ತುಂಬಿಸುವುದಿಲ್ಲ. ವೈನ್ ಮೇಲೆ ಯೀಸ್ಟ್‌ನ ತೆಳು ಪದರ ಕಟ್ಟಿ ಅದು ವಿನೆಗರ್ ಆಗದಂತೆ ಕಾಯುತ್ತದೆ. ಒಂದು ಲೀಟರ್ ಕೊನೆಗೆ 62 ಸೆಂಟಿಲೀಟರ್ ಉಳಿಯುತ್ತದೆ ಎಂಬ ಲೆಕ್ಕಕ್ಕೆ ಕ್ಲಾವ್‌ಲಾಂ ಎಂಬ ಗಿಡ್ಡ ಬಾಟಲಿಯ ಅಳತೆಯೂ 62 ಸೆಂಟಿಲೀಟರ್.

ಘಮ ಅಕ್ರೋಟು, ಒಣಹಣ್ಣು, ಮತ್ತೆ ಹುರಿದ ಮೆಂತ್ಯ! ಸೊಟೊಲೋನ್ ಎಂಬ ವಸ್ತು ಮೆಂತ್ಯದಲ್ಲೂ ಈ ವೈನ್‌ನಲ್ಲೂ ಇದೆ. ಯುರೋಪಿನವರು ಕರಿ ಪುಡಿಯ ವಾಸನೆ ಎಂದು ಬರೆಯುವುದನ್ನು ನಾವು ಒಗ್ಗರಣೆ ಡಬ್ಬಿಯಲ್ಲೇ ಗುರುತಿಸಬಹುದು. ಈ ವೈನ್‌ನಲ್ಲಿ ಸಿಹಿ ಇಲ್ಲವೇ ಇಲ್ಲ. ಅದೇ ಸೀಮೆಯ ಕೋಂತೆ ಚೀಸ್, ಅದರಲ್ಲೂ ಒಂದೂವರೆ ವರ್ಷ ದಾಟಿದ್ದು, ಇದಕ್ಕೆ ಸರಿಜೋಡಿ. ಕೆನೆ, ಮೊರಿಲ್ ಅಣಬೆ ಹಾಕಿ ಇದೇ ವೈನ್‌ನಲ್ಲಿ ಬೇಯಿಸಿದ ಕೋಳಿ ಅಲ್ಲಿನ ಹಬ್ಬದೂಟ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ, 14 ಡಿಗ್ರಿ ಹತ್ತಿರ ಬರಲಿ.

ಹೆಜ್ಜೆ 9: ಗುಳ್ಳೆ ಮತ್ತು ಸಿಹಿ

ಶಾಂಪೇನ್‌ನಲ್ಲಿ ಎರಡನೇ ಹುದುಗುವಿಕೆ ಬಾಟಲಿಯೊಳಗೇ ನಡೆಯುತ್ತದೆ. ಇಸವಿ ಇಲ್ಲದ ಬಾಟಲಿಗೆ ಕನಿಷ್ಠ 15 ತಿಂಗಳು, ಇಸವಿ ಇರುವುದಕ್ಕೆ 3 ವರ್ಷ ಕಾಯಬೇಕು. ಬ್ರೂತ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ವಿಚಿತ್ರ ಅನ್ನಿಸಬಹುದು, ಎಕ್ಸ್‌ಟ್ರಾ ಡ್ರೈ ಅದಕ್ಕಿಂತ ಸಿಹಿ. ಸುಮ್ನೆ ಕೇಕ್ ಜೊತೆ ಬ್ರೂತ್ ಕುಡಿದು ಹಾಳುಮಾಡಬೇಡಿ. ಉಪ್ಪು ಮತ್ತು ಎಣ್ಣೆಯೇ ಅದಕ್ಕೆ ಸರಿ. ಬಿಸಿ ಆಲೂ ಚಿಪ್ಸ್, ಖಾರ ಇಲ್ಲದ ಯಾವುದೇ ಬಜ್ಜಿ ಜೊತೆ ನೋಡಿ. ಕೈಗೆಟುಕಬೇಕಾದರೆ ಲ್ವಾರ್, ಆಲ್ಸಾಸ್, ಲಿಮೂ ಸೀಮೆಗಳ ಕ್ರೇಮಾಂ ಎಂಬ ಗುಳ್ಳೆ ವೈನ್ ಕೊಳ್ಳಿ, ಮಾಡುವ ವಿಧಾನ ಅದೇ.

ಬೋರ್ಡೋದ ಸೋತೆರ್ನ್ ಸಿಹಿ ವೈನ್. ಶರತ್ಕಾಲದಲ್ಲಿ ತಣ್ಣನೆಯ ಸಿರೋನ್ ಹೊಳೆ ಬೆಚ್ಚಗಿನ ಗಾರೊನ್ ಸೇರುವಾಗ ಬೆಳಗ್ಗೆ ಮಂಜು ಏಳುತ್ತದೆ. ದ್ರಾಕ್ಷಿಗೆ ಬೊಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಕ್ಕಾಗಿ ಸಕ್ಕರೆ ಗಟ್ಟಿಯಾಗುತ್ತದೆ. ಜೇನು, ಜರ್ದಾಳು, ಕಿತ್ತಳೆ ಸಿಪ್ಪೆಯ ರುಚಿ. ಉಪ್ಪುಪ್ಪಾದ ನೀಲಿ ರೋಕ್‌ಫೋರ್ ಚೀಸ್ ಜೊತೆ ಒಂದು ಸಣ್ಣ ಲೋಟ ಸಾಕು. ಚಾಕೊಲೇಟ್‌ಗೆ ಇದು ಬೇಡ, ಅದಕ್ಕೆ ಸ್ಪೇನ್ ಗಡಿಯ ಬನ್ಯೂಲ್ಸ್ ಎಂಬ ಸಿಹಿ ವೈನ್.

ಹೆಜ್ಜೆ 10: ಕೊಳ್ಳುವುದು, ಬಡಿಸುವುದು, ಉಳಿಸುವುದು

ಭಾರತದಲ್ಲಿ ಆಮದು ಸುಂಕ ಜಾಸ್ತಿ ಇರುವುದರಿಂದ ಫ್ರೆಂಚ್ ಬಾಟಲಿಯ ಬೆಲೆ ಅಲ್ಲಿಯದಕ್ಕಿಂತ ಬಹಳ ಹೆಚ್ಚು. ವಿದೇಶದಿಂದ ಬರುವವರು ಸುಂಕ ಇಲ್ಲದೆ 2 ಲೀಟರ್ ತರಬಹುದು. ಅಂದರೆ 750 ಮಿಲಿಯ ಎರಡು ಬಾಟಲಿ, ಮೂರನೆಯದು ಮಿತಿ ದಾಟುತ್ತದೆ. ಆ ಎರಡರಲ್ಲಿ ಒಂದನ್ನು ಇಲ್ಲಿ ಸಿಗುವುದು ಕಷ್ಟವಾದ ವಾಂ ಜೋನ್‌ಗೆ ಮೀಸಲಿಡಿ. ನಾಲ್ಕೈದು ಜನ ಸೇರಿ ದುಡ್ಡು ಹಾಕಿ ಎರಡೆರಡೇ ಬಾಟಲಿ ಹೋಲಿಸಿ ಕಲಿಯುವುದು ಇನ್ನೂ ಒಳ್ಳೆಯದು. ಶಾಬ್ಲಿ ಮತ್ತು ಮಾಕೋಂ ಒಂದು ದಿನ, ಮೊರ್ಗೋಂ ಮತ್ತು ಸೇಂ-ಜೊಸೆಫ್ ಇನ್ನೊಂದು ದಿನ. ಗಾಡಿ ಓಡಿಸುವವರು ರುಚಿ ನೋಡಿ ಉಗಿಯುವುದಲ್ಲ, ಅವತ್ತು ಪೂರ್ತಿ ಬಿಡಲಿ.

ಬಡಿಸುವಾಗ ಹಗುರದಿಂದ ಭಾರಕ್ಕೆ, ಸಿಹಿ ಇಲ್ಲದ್ದರಿಂದ ಸಿಹಿಗೆ. ಮನೆಯಲ್ಲಿ ಬಾಟಲಿ ಇಡಲು ಅಡುಗೆಮನೆ ಕಪಾಟು ಬೇಡ, ಅಲ್ಲಿ ಶೆಖೆ. ಕತ್ತಲೆಯ, ತಂಪಾದ ಜಾಗದಲ್ಲಿ ಅಡ್ಡ ಮಲಗಿಸಿ, ಕಾರ್ಕ್ ಒಣಗುವುದಿಲ್ಲ. ಆ ಜಾಗ ಇಲ್ಲದಿದ್ದರೆ ಕೊಂಡ ಬಾಟಲಿಯನ್ನು ಕೆಲವೇ ತಿಂಗಳಲ್ಲಿ ಕುಡಿದುಬಿಡಿ.

ತೆರೆದ ಬಾಟಲಿ ಉಳಿದರೆ, ಕೆಂಪು ಇರಲಿ ಬಿಳಿ ಇರಲಿ, ಕಾರ್ಕ್ ಒತ್ತಿ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಸೋತೆರ್ನ್ ಒಂದು ವಾರದ ಹತ್ತಿರ ಬರುತ್ತದೆ, ವಾಂ ಜೋನ್ ವಾರಗಟ್ಟಲೆ. ತೆರೆದು ಮೂರು ದಿನ ದಾಟಿದ ಕೆಂಪು ವೈನ್ ಕುಡಿಯಲು ಬೇಡ. ಸಣ್ಣ ಈರುಳ್ಳಿ, ಅಣಬೆ ಹುರಿಯುವಾಗ ಬಾಣಲೆಗೆ ಸುರಿದು, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಕೊನೆಗೆ ಒಂದು ಚಮಚ ಬೆಣ್ಣೆ ಹಾಕಿ.